ಅನಾತೋತಿನ ಹೊಲದ ಕ್ರಯಪತ್ರ: ಯೆರೆಮೀಯ 32ನೇ ಅಧ್ಯಾಯವನ್ನು ನಾವು ಓದಿದ ಬಗೆ

ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ 11ನೇ ವಚನ ನಮ್ಮ ಕ್ರೈಸ್ತ ಮನೆಗಳ ಗೋಡೆಯ ಕ್ಯಾಲೆಂಡರುಗಳಲ್ಲಿಯೂ ಪರೀಕ್ಷೆಗೆ ಹೊರಟ ಮಕ್ಕಳಿಗೆ ಕೊಡುವ ಕಾರ್ಡುಗಳಲ್ಲಿಯೂ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ದೇವರು ತನ್ನ ಜನರಿಗಾಗಿ ಮಾಡುತ್ತಿರುವುದು ಹಿತದ ಯೋಚನೆ, ಅವರಿಗೆ ಒಳ್ಳೆಯ ಗತಿಯೂ ನಿರೀಕ್ಷೆಯೂ ಇರಬೇಕೆಂಬುದೇ ಅವನ ಸಂಕಲ್ಪ ಎಂಬುದು ಆ ವಚನದ ಭಾವ. ನಮ್ಮ ಸಭೆಯ ವಾರದ ಸತ್ಯವೇದ (ಬೈಬಲ್) ಅಧ್ಯಯನವನ್ನು ನಡೆಸುವ ಹೊಣೆ ಬಹುಕಾಲದಿಂದ ನನ್ನ ಮೇಲಿದೆ. ಕಷ್ಟದಲ್ಲಿದ್ದ ಕೆಲವರು ಈ ವಚನವನ್ನು ಹಿಡಿದುಕೊಂಡು, ಇದು ನಮಗೆ ಹೇಳಿದ್ದೇ, ಹಾಗಿದ್ದರೆ ಯಾವಾಗ ನೆರವೇರುತ್ತದೆ ಎಂದು ಕೇಳಿದಾಗ, ಒಂದೇ ವಚನದ ಮೇಲೆ ಉತ್ತರ ಹೇಳುವುದು ನನಗೆ ಸರಿಕಾಣಲಿಲ್ಲ. ಆದ್ದರಿಂದ ಎಲ್ಲರನ್ನೂ ಮೂರು ಅಧ್ಯಾಯ ಮುಂದಕ್ಕೆ, ಅದೇ ಪ್ರವಾದಿ ಮಾಡಿದ ಒಂದು ಜಮೀನು ಖರೀದಿಯ ವಿವರಕ್ಕೆ ಕರೆದೊಯ್ದೆ. ಹಾಳಾದ ದೇಶವನ್ನೂ ಸೆರೆಹೋದ ಜನರನ್ನೂ ದೇವರು ಮತ್ತೆ ನೆಲೆಗೊಳಿಸುವನೆಂಬ ಪುನಃಸ್ಥಾಪನೆಯ ಪ್ರವಾದನೆಯ ಅರ್ಥ ಅಲ್ಲಿ ಬೆಳ್ಳಿಯ ತೂಕದಲ್ಲಿಯೂ ಸಾಕ್ಷಿಗಳ ರುಜುವಿನಲ್ಲಿಯೂ ಕಾಣಸಿಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲು ಕಾಲವನ್ನು ಖಚಿತಪಡಿಸಿಕೊಂಡೆವು. ಅಧ್ಯಾಯವೇ ತನ್ನ ತಾರೀಖನ್ನು ಹೇಳುತ್ತದೆ: ಯೆಹೂದದ ಅರಸ ಚಿದ್ಕೀಯನ 10ನೇ ವರ್ಷ, ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನ 18ನೇ ವರ್ಷ. ನಮ್ಮ ಲೆಕ್ಕದಲ್ಲಿ ಅದು ಕ್ರಿ.ಪೂ. 588–587ರ ಸುಮಾರು. ಬಾಬೆಲಿನ ಸೇನೆ ಯೆರೂಸಲೇಮನ್ನು ಮುತ್ತಿದೆ. ಪಟ್ಟಣ ಶತ್ರುವಿನ ಪಾಲಾಗುವುದೆಂದು ಸಾರಿದ ತಪ್ಪಿಗೆ ಯೆರೆಮೀಯನನ್ನು ಅರಮನೆಯ ಕಾವಲಿನವರ ಅಂಗಳದಲ್ಲಿ ಸೆರೆಯಿಟ್ಟಿದ್ದಾರೆ. ಆ ದಿನಗಳ ಬಿಗಿಯನ್ನು ಕೇಳುಗರ ಮನಸ್ಸಿಗೆ ತರಲು ನಾನು ಯೆಹೂದದ ಕೋಟೆಪಟ್ಟಣವಾದ ಲಾಕೀಷಿನ, ಅದೇ ಕಾಲದ ಕಾಗದಗಳನ್ನು ಬರೆದ ಮಡಕೆಚೂರುಗಳ ಮಾತೆತ್ತಿದೆ. 1935ರಲ್ಲಿ ಲಾಕೀಷಿನ ಕೋಟೆಬಾಗಿಲ ಬಳಿ ಉತ್ಖನನದಲ್ಲಿ ದೊರೆತ ಆ ಬರಹಗಳಲ್ಲಿ ಒಂದು, ತಾವು ಲಾಕೀಷಿನ ಬೆಂಕಿಯ ಸಂಕೇತಗಳಿಗಾಗಿ ಕಾಯುತ್ತಿರುವುದಾಗಿಯೂ ಅಜೇಕದ ಸಂಕೇತ ಕಾಣುತ್ತಿಲ್ಲವೆಂದೂ ತಿಳಿಸುತ್ತದೆ. ಯೆರೆಮೀಯ 34:7ರಲ್ಲಿ ಯೆಹೂದದ ಕೋಟೆಗಳಲ್ಲಿ ಇನ್ನೂ ಉಳಿದಿದ್ದವು ಲಾಕೀಷ್ ಮತ್ತು ಅಜೇಕ ಎಂದಿರುವುದನ್ನು ಅದರ ಪಕ್ಕದಲ್ಲಿಟ್ಟು ಓದಿದಾಗ, ಪ್ರವಾದಿ ಯಾವ ಘಳಿಗೆಯಲ್ಲಿ ಹೊಲ ಕೊಳ್ಳಲು ಒಪ್ಪಿದನೆಂಬುದು ಎಲ್ಲರಿಗೂ ತಟ್ಟಿತು.

ಅಂಥ ಹೊತ್ತಿನಲ್ಲಿ ಚಿಕ್ಕಪ್ಪ ಶಲ್ಲೂಮನ ಮಗ ಹನಮೇಲನು ಸೆರೆಯ ಅಂಗಳಕ್ಕೇ ಬಂದು, ಅನಾತೋತಿನಲ್ಲಿರುವ ನನ್ನ ಹೊಲವನ್ನು ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಈ ಹಕ್ಕು ಯಾಜಕಕಾಂಡದ 25ನೇ ಅಧ್ಯಾಯದ್ದು: ಬಡತನದಿಂದ ಒಬ್ಬನು ಪಿತ್ರಾರ್ಜಿತ ಭೂಮಿಯನ್ನು ಮಾರಬೇಕಾಗಿ ಬಂದರೆ ಹತ್ತಿರದ ಬಂಧು ಅದನ್ನು ಬಿಡಿಸಿಕೊಳ್ಳಬೇಕು. ಯೆಹೂದ್ಯರ ಸಭಾಮಂದಿರಗಳಲ್ಲಿಯೂ ಆ ಅಧ್ಯಾಯವನ್ನು ಒಳಗೊಂಡ ವಾರದ ಪಾಠದ ಜೊತೆಗೆ ಪ್ರವಾದಿಗಳಿಂದ ಓದುವ ಭಾಗ ಇದೇ ಹೊಲದ ಕಥೆ ಎಂಬುದು ನನಗೆ ಒಳ್ಳೆಯ ಮಾರ್ಗದರ್ಶನವಾಯಿತು. ಎರಡನ್ನೂ ಒಂದೇ ಸಂಜೆ ಓದಿಸಿದೆ. ಅನಾತೋತ್ ಯೆರೂಸಲೇಮಿನ ಈಶಾನ್ಯಕ್ಕೆ ಸುಮಾರು 5 ಕಿ.ಮೀ. ದೂರದ ಊರು. ಇಂದಿಗೂ ಅಲ್ಲಿಯ ಅನಾತಾ ಎಂಬ ಊರು ಆ ಹೆಸರನ್ನು ಉಳಿಸಿಕೊಂಡಿದೆ. ಅದು ಪ್ರವಾದಿಯ ಹುಟ್ಟೂರು, ಅವನ ಪ್ರಾಣ ತೆಗೆಯಲು ಅವನ ಜನರೇ ಸಂಚು ಹೂಡಿದ್ದ ಊರೂ ಹೌದು (11:21). ಆ ಊರಿನ ನೆಲವನ್ನೇ ಅವನು ಈಗ ಕೊಳ್ಳಬೇಕಾಗಿದೆ.

ಇಲ್ಲಿಂದ ಮುಂದಿನ ವಚನಗಳನ್ನು ನಾನು ಓದಿಸಿದ್ದು ನಮ್ಮ ಗುಂಪಿನ ಹಿರಿಯರೊಬ್ಬರಿಂದ. ಅವರು ಉಪನೋಂದಣಿ ಕಚೇರಿಯ ಎದುರು ಬದುಕಿನುದ್ದಕ್ಕೂ ಪತ್ರಬರಹಗಾರರಾಗಿದ್ದವರು. ಅವರು ಬೆರಳಿಟ್ಟು ನಿಧಾನವಾಗಿ ಓದಿದರು: 17 ಶೆಕೆಲ್ ಬೆಳ್ಳಿ, ಅಂದರೆ ಸುಮಾರು 200 ಗ್ರಾಮಿನಷ್ಟು, ಪತ್ರ ಬರೆದದ್ದು, ಮುದ್ರೆ ಹಾಕಿದ್ದು, ಸಾಕ್ಷಿ ಹಾಕಿಸಿದ್ದು, ತಕ್ಕಡಿಯಲ್ಲಿ ಬೆಳ್ಳಿ ತೂಗಿದ್ದು, ಮುಚ್ಚಿ ಮುದ್ರಿಸಿದ ಒಂದು ಪ್ರತಿ, ತೆರೆದ ಒಂದು ಪ್ರತಿ, ಹನಮೇಲನ, ಸಾಕ್ಷಿಗಳ, ಅಂಗಳದಲ್ಲಿ ಕುಳಿತಿದ್ದ ಯೆಹೂದ್ಯರೆಲ್ಲರ ಕಣ್ಣೆದುರಿಗೆ ತನ್ನ ಲಿಪಿಕಾರನಾದ ನೇರೀಯನ ಮಗ ಬಾರೂಕನ ಕೈಗೆ ಅವುಗಳನ್ನು ಒಪ್ಪಿಸಿದ್ದು. ಓದಿ ಮುಗಿಸಿ ಅವರು, “ಅಯ್ಯಾ, ಚಕ್ಕುಬಂದಿ ಇಲ್ಲ, ವಿಸ್ತೀರ್ಣವೂ ಇಲ್ಲ. ಉಳಿದದ್ದೆಲ್ಲ ಕ್ರಮವಾಗಿದೆ” ಎಂದರು. ಹೊಲ ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಬರೆದವರು ಬಿಟ್ಟಿದ್ದಾರೆ. ವ್ಯವಹಾರ ಕಾನೂನಿನಂತೆ, ಹತ್ತು ಜನರ ಮುಂದೆ ನಡೆಯಿತೆಂಬುದನ್ನು ಮಾತ್ರ ಒಂದು ಹೆಜ್ಜೆಯೂ ಬಿಡದೆ ದಾಖಲಿಸಿದ್ದಾರೆ. ಪ್ರವಾದನೆಯ ಭಾರ ಎಲ್ಲಿದೆಯೆಂಬುದನ್ನು ಅವರ ಆ ಮಾತು ನನ್ನ ಯಾವ ವಿವರಣೆಗಿಂತಲೂ ಚೆನ್ನಾಗಿ ತೋರಿಸಿತು.

ಎರಡು ಪ್ರತಿಗಳ ಪದ್ಧತಿ ಕಲ್ಪನೆಯದಲ್ಲ. ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿದ್ದ ಯೆಹೂದ್ಯರ ಕ್ರಿ.ಪೂ. 5ನೇ ಶತಮಾನದ ಪತ್ರಗಳನ್ನು ಮಡಚಿ, ದಾರದಿಂದ ಕಟ್ಟಿ, ಜೇಡಿಮಣ್ಣಿನ ಮುದ್ರೆ ಒತ್ತಿಟ್ಟಿದ್ದರು. ಯೆಹೂದದ ಮರುಭೂಮಿಯ ಗುಹೆಗಳಲ್ಲಿ 1960–61ರಲ್ಲಿ ದೊರೆತ ಕ್ರಿ.ಶ. 2ನೇ ಶತಮಾನದ ಪತ್ರಗಳಲ್ಲಿ ಒಂದೇ ಒಕ್ಕಣೆಯನ್ನು ಮೇಲೆ ಕಟ್ಟಿಮುಚ್ಚಿ, ಕೆಳಗೆ ಓದಲು ಬರುವಂತೆ ಬರೆದ ಜೋಡಿಪತ್ರಗಳೂ ಇವೆ. ತಕರಾರು ಬಂದಾಗ ಮುದ್ರೆ ಒಡೆದು ಎರಡನ್ನೂ ತಾಳೆ ನೋಡಬಹುದಾಗಿತ್ತು. ಯೆರೆಮೀಯನು ಬಾರೂಕನಿಗೆ, ಬಹುಕಾಲ ಉಳಿಯುವಂತೆ ಎರಡನ್ನೂ ಮಣ್ಣಿನ ಪಾತ್ರೆಯಲ್ಲಿಡು ಎಂದು ಹೇಳಿದ್ದರ ಹಿಂದೆ ಇಂಥದೊಂದು ವ್ಯಾವಹಾರಿಕ ಲೋಕವಿದೆ. ಮುಂದೆ ಈ ಪತ್ರವನ್ನು ಯಾರೋ ತೆಗೆಯಬೇಕಾಗುತ್ತದೆ, ಆಗ ಅದು ಊರ್ಜಿತವಾಗಿರಬೇಕು ಎಂಬ ನಿಶ್ಚಯವೇ ಇಲ್ಲಿ ನಿರೀಕ್ಷೆ. ಈ ದೇಶದಲ್ಲಿ ಮನೆಗಳೂ ಹೊಲಗಳೂ ದ್ರಾಕ್ಷಿತೋಟಗಳೂ ಮತ್ತೆ ಕ್ರಯವಾಗುವವು ಎಂಬ 15ನೇ ವಚನ ಇಷ್ಟೆಲ್ಲ ಆದ ಮೇಲೆಯೇ ಬರುತ್ತದೆ.

ಒಂದು ಪ್ರಶ್ನೆ ನಮ್ಮನ್ನು ಬಹಳ ಹೊತ್ತು ಹಿಡಿದಿಟ್ಟಿತು. ಮದುವೆಯಾಗಬಾರದು, ಮಕ್ಕಳನ್ನು ಪಡೆಯಬಾರದು ಎಂದು ಯೆರೆಮೀಯನಿಗೆ 16ನೇ ಅಧ್ಯಾಯದಲ್ಲಿ ಆಜ್ಞೆಯಾಗಿತ್ತು. ವಾರಸುದಾರರಿಲ್ಲದವನು, ಸೆರೆಯಲ್ಲಿರುವವನು, ಇನ್ನು 70 ವರ್ಷ ಬಾಬೆಲಿನ ಕೈಕೆಳಗೆ ಕಳೆಯಬೇಕೆಂದು ತಾನೇ ಸಾರಿದವನು, ಯಾರಿಗಾಗಿ ಕೊಂಡನು? ಅವನು ಆ ಹೊಲದಲ್ಲಿ ನೇಗಿಲು ಹಿಡಿದನೆಂದು ಎಲ್ಲಿಯೂ ಇಲ್ಲ. ಪಟ್ಟಣ ಬಿದ್ದ ಮೇಲೆ ಉಳಿದವರು ಅವನನ್ನು ಐಗುಪ್ತದ ತಹಪನೇಸಿಗೆ ಕರೆದೊಯ್ದರು. ಗ್ರಂಥದಲ್ಲಿ ಅವನ ಕಡೆಯ ಸುಳಿವು ಸಿಗುವುದು ಅಲ್ಲಿಯೇ. ಗುಂಪಿನ ತಾಯಿಯೊಬ್ಬರು, “ಹಾಗಾದರೆ ಅವನಿಗೆ ಸಿಕ್ಕಿದ್ದೇನು?” ಎಂದು ನೇರವಾಗಿ ಕೇಳಿದರು. ನಾನು ಉತ್ತರ ಹೇಳದೆ 32ನೇ ಅಧ್ಯಾಯದ 16ರಿಂದ 25ರವರೆಗಿನ ವಚನಗಳ ಪ್ರಾರ್ಥನೆಯನ್ನು ಓದಿಸಿದೆ. ಪತ್ರ ಮುಗಿದ ಮೇಲೆ ಪ್ರವಾದಿ ಮಾಡಿದ ಪ್ರಾರ್ಥನೆ ಅದು. ಭೂಮ್ಯಾಕಾಶಗಳನ್ನು ಸೃಷ್ಟಿಸಿದವನ ಸ್ತೋತ್ರದಿಂದ ತೊಡಗಿ, ಇಗೋ ಮುತ್ತಿಗೆಯ ದಿಬ್ಬಗಳು ಗೋಡೆಗೆ ತಾಗಿವೆ, ಆದರೂ ನೀನು ಹೊಲ ಕೊಳ್ಳೆಂದೆಯಲ್ಲ ಎಂಬ ಗಲಿಬಿಲಿಯಲ್ಲಿ ನಿಲ್ಲುತ್ತದೆ. ಮೊದಲು ವಿಧೇಯತೆ, ಆಮೇಲೆ ಪ್ರಶ್ನೆ. ಸಂದೇಹ ಬಂದರೆ ವಿಶ್ವಾಸ ಹೋಯಿತೆಂದು ಹೆದರುವ ನಮ್ಮವರಿಗೆ ಈ ಹತ್ತು ವಚನಗಳನ್ನು ಬಾಯಿಪಾಠ ಮಾಡಿಸಬೇಕೆಂದು ನನಗೆ ಅನ್ನಿಸುತ್ತದೆ.

ಆಮೇಲೆ ಅನಾತೋತಿನ ಹೆಸರನ್ನೇ ಬೆನ್ನಟ್ಟಿ ಮುಂದಕ್ಕೆ ಹೋದೆವು. ಕ್ರಿ.ಪೂ. 539ರಲ್ಲಿ ಪಾರಸಿಯ ಅರಸ ಕೋರೆಷನು ಬಾಬೆಲನ್ನು ಗೆದ್ದನು. ಮರುವರ್ಷ, ಬಾಬೆಲಿಗೆ ಸೆರೆಯೊಯ್ಯಲ್ಪಟ್ಟಿದ್ದ ಯೆಹೂದ್ಯರಿಗೆ ಹಿಂದಿರುಗಲು ಅಪ್ಪಣೆಯಾಯಿತು. ಎಜ್ರನ ಗ್ರಂಥದ 2ನೇ ಅಧ್ಯಾಯದಲ್ಲಿರುವ, ಹಿಂದಿರುಗಿದವರ ಉದ್ದನೆಯ ಪಟ್ಟಿಯನ್ನು ಸಾಮಾನ್ಯವಾಗಿ ಯಾರೂ ಗಟ್ಟಿಯಾಗಿ ಓದುವುದಿಲ್ಲ. ನಾವು ಓದಿದೆವು. 23ನೇ ವಚನದಲ್ಲಿ ಅನಾತೋತಿನವರು 128 ಮಂದಿ ಎಂದು ಬಂದಾಗ ಪತ್ರಬರಹಗಾರರು ಪುಸ್ತಕದಿಂದ ತಲೆಯೆತ್ತಿ ನೋಡಿದರು. ನೆಹೆಮೀಯ 7:27ರಲ್ಲಿಯೂ ಅದೇ ಸಂಖ್ಯೆ ಇದೆ. ಅದೇ ಗ್ರಂಥದ 11:32ರಲ್ಲಿ ಬೆನ್ಯಾಮೀನ್ ಕುಲದವರು ನೆಲೆಸಿದ ಊರುಗಳಲ್ಲಿ ಅನಾತೋತ್ ಮತ್ತೆ ಹೆಸರಾಗಿದೆ. ಆ ಪಾತ್ರೆಯ ಪತ್ರ ಯಾರ ಕೈಸೇರಿತೆಂದು ಸತ್ಯವೇದ ಹೇಳುವುದಿಲ್ಲ, ನಾವೂ ಊಹಿಸಲು ಹೋಗಲಿಲ್ಲ. ಹಿಂದಿರುಗಿದವರ ಕಥೆಯಲ್ಲಿ ಸಂತೋಷ ಮಾತ್ರವಿಲ್ಲವೆಂಬುದನ್ನೂ ಮರೆಮಾಚಲಿಲ್ಲ: ಹೊಸ ದೇವಾಲಯದ ಅಸ್ತಿವಾರವನ್ನು ಕಂಡು, ಮೊದಲಿನದನ್ನು ನೋಡಿದ್ದ ಮುದುಕರು ಗಟ್ಟಿಯಾಗಿ ಅತ್ತರು (ಎಜ್ರ 3:12).

ಯೆರೆಮೀಯನ 33ನೇ ಅಧ್ಯಾಯಕ್ಕೆ ಹೆಚ್ಚು ಹೊತ್ತು ಸಿಗಲಿಲ್ಲ. ಯೆಹೂದದ ಊರುಗಳಲ್ಲಿ ವಧೂವರರ ಸ್ವರ ನಿಂತುಹೋಗುವುದೆಂದು 7, 16 ಮತ್ತು 25ನೇ ಅಧ್ಯಾಯಗಳಲ್ಲಿ ಸಾರಿದವನ ಬಾಯಿಂದಲೇ, ಆ ಸ್ವರ ಮತ್ತೆ ಕೇಳಿಸುವುದೆಂದು 33:11ರಲ್ಲಿ ಬರುತ್ತದೆ. ಕಳೆದದ್ದರ ಹೆಸರು ಹಿಡಿದೇ ಮರಳಿ ಕೊಡುವ ಮಾತಾಗುತ್ತದೆ. ಯೆಹೂದ್ಯರ ಮದುವೆಯ ಏಳು ಆಶೀರ್ವಾದಗಳಲ್ಲಿ ಕಡೆಯದು ಇಂದಿಗೂ ಆ ಮಾತುಗಳನ್ನು ಪ್ರತಿಧ್ವನಿಸುತ್ತದೆ.

ಕಡೆಯ ಸಂಜೆ ಮೊದಲಿನ ಪ್ರಶ್ನೆಗೆ ಬಂದೆವು. 29:11 ಬಾಬೆಲಿಗೆ ಸೆರೆಯೊಯ್ಯಲ್ಪಟ್ಟ ಸಮುದಾಯಕ್ಕೆ ಬರೆದ ಕಾಗದದ ಮಾತು; ಅದರ ಹಿಂದಿನ ವಚನದಲ್ಲಿ 70 ವರ್ಷಗಳಿವೆ, 5ನೇ ವಚನದಲ್ಲಿ ಮನೆ ಕಟ್ಟಿರಿ, ತೋಟ ಮಾಡಿರಿ ಎಂಬ ಅಪ್ಪಣೆಯಿದೆ. ಅಡವಿಟ್ಟ ಹೊಲ ಈ ವರ್ಷವೇ ಬಿಡುಗಡೆಯಾಗುತ್ತದೆ, ನಿಂತ ಸಂಬಂಧ ಈ ತಿಂಗಳೇ ಕೂಡಿಬರುತ್ತದೆ ಎಂದು ಈ ವಚನದ ಹೆಸರಿನಲ್ಲಿ ಯಾರಿಗೂ ಮಾತುಕೊಡುವುದು ಸಲ್ಲದು ಎಂದು ನಾನು ಸ್ಪಷ್ಟವಾಗಿ ಹೇಳಿದೆ; ಹಾಗೆ ಕೊಟ್ಟ ಮಾತು ಹುಸಿಯಾದಾಗ ನೊಂದವರ ಮನೆಗಳಿಗೆ ನಾನು ಹೋಗಿದ್ದೇನೆ. ಆದರೆ ಈ ದೇವರು ಪಾಳುಬಿದ್ದ ನೆಲದ ಮೇಲೂ ಹಕ್ಕು ಬಿಟ್ಟುಕೊಡುವವನಲ್ಲ ಎಂಬುದನ್ನು ಅಷ್ಟೇ ಧೈರ್ಯದಿಂದ ಹೇಳಿದೆ. ಪ್ರಶ್ನೆ ಕೇಳಿದ್ದ ತಾಯಿ, ತಾನು ಕಾಣದೆಹೋಗಬಹುದಾದ ಒಳಿತಿಗಾಗಿ ಇಂದು ಏನನ್ನು ಮಾಡಿಡಬಹುದೆಂದು ಕೇಳಿದರು. ಮುಂದಿನ ವಾರಗಳಲ್ಲಿ 29ನೇ ಅಧ್ಯಾಯದ 5ರಿಂದ 7ರವರೆಗಿನ ವಚನಗಳನ್ನು ಆ ಪ್ರಶ್ನೆಯಿಂದಲೇ ಓದಲು ತೊಡಗಿದ್ದೇವೆ.