ಸಿನಾರಿಯೋ ಪುಸ್ತಕ ಹಿಡಿದು ವಾಟರ್‌ಲೂ ಆಡೋದು ಹೇಗೆ

ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲಿಟ್ಟು, ದಾಳ ಹಾಕಿ ಹಳೇ ಯುದ್ಧಗಳನ್ನು ಆಡೋ ಆಟ ಇದು; ಯಾವ ಯುದ್ಧವನ್ನು ಹೇಗೆ ಜೋಡಿಸಿ ಆಡಬೇಕು ಅಂತ ಹೇಳೋದೇ ಸಿನಾರಿಯೋ ಪುಸ್ತಕ. ನೆಪೋಲಿಯನ್ ಕಾಲದ ಯುದ್ಧಗಳ ಅಂಥ ಪುಸ್ತಕ ತೆರೆದ ತಕ್ಷಣ ಎಲ್ಲರೂ ನಕ್ಷೆ ನೋಡ್ತಾರೆ. ನೀವು ಮೊದಲು ಗೆಲುವಿನ ಷರತ್ತು ಓದಿ. ಯಾರು, ಎಷ್ಟು ಸರದಿಯೊಳಗೆ, ಏನನ್ನು ಹಿಡಿಯಬೇಕು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ಸೈನ್ಯದ ಪಟ್ಟಿ. ಅದನ್ನು ನಿಮ್ಮ ನಿಯಮಕ್ಕೆ ಇಳಿಸಿಕೊಳ್ಳಿ: 20 ಸೈನಿಕರಿಗೆ ಒಂದು ಗೊಂಬೆ ಅಂದರೆ 600 ಜನರ ಬೆಟಾಲಿಯನ್‌ಗೆ 30 ಗೊಂಬೆ. ಅಷ್ಟು ಇಲ್ವಾ? ಎರಡೂ ಕಡೆ ಒಂದೇ ಲೆಕ್ಕದಲ್ಲಿ ಕಡಿಮೆ ಮಾಡಿ. ಫಿರಂಗಿಯನ್ನು ಮಾತ್ರ ಹಾಗೇ ಉಳಿಸಿಕೊಳ್ಳೋ ಆಸೆ ಬೇಡ, ಆಟವೇ ಕೆಡುತ್ತೆ.

ಮೊದಲ ಸಲಕ್ಕೆ ಇಡೀ ವಾಟರ್‌ಲೂ ಯುದ್ಧ ಜಾಸ್ತಿಯಾಯಿತು. ಅದರದೇ ಒಂದು ಭಾಗವಾದ 1815ರ ಜೂನ್ 18ರ ಹೂಗುಮಾಂಟ್ ಕಾಳಗವೊಂದೇ ಸಾಕು. ಗೋಡೆ ಕಟ್ಟಿದ ತೋಟದಮನೆ, ದಕ್ಷಿಣಕ್ಕೆ ಕಾಡು, ಪಕ್ಕದಲ್ಲಿ ಹಣ್ಣಿನ ತೋಟ, ಉತ್ತರಕ್ಕೊಂದು ದೊಡ್ಡ ಬಾಗಿಲು. ಆ ಬಾಗಿಲನ್ನು ಲೆಗ್ರೋ ಎಂಬ ಫ್ರೆಂಚ್ ಅಧಿಕಾರಿ ಕೊಡಲಿಯಿಂದ ಒಡೆದು ಒಂದಷ್ಟು ಜನರ ಜೊತೆ ಒಳನುಗ್ಗಿದ, ಬ್ರಿಟಿಷ್ ಅಧಿಕಾರಿ ಮ್ಯಾಕ್‌ಡೊನೆಲ್ ಮತ್ತು ಅವನ ಗಾರ್ಡ್ಸ್ ಪಡೆಯವರು ಮೈಯೊಡ್ಡಿ ಅದನ್ನು ಮತ್ತೆ ಮುಚ್ಚಿದರು. ಪುಸ್ತಕದಲ್ಲಿ ಇದಕ್ಕೆ ನಿಯಮ ಇಲ್ಲದಿದ್ದರೆ ನೀವೇ ಸೇರಿಸಿ: ಬಾಗಿಲು ಒಡೆಯೋಕೆ ದಾಳದಲ್ಲಿ 6 ಬೀಳಬೇಕು, ಒಡೆದರೆ ಮುಂದಿನ ಸರದಿಯಲ್ಲಿ ಮುಚ್ಚೋಕೆ ಒಂದೇ ಅವಕಾಶ.

ಇಡೀ ಯುದ್ಧ ಆಡುವಾಗ ಇನ್ನೊಂದು ತೊಡಕಿದೆ. ಬ್ರಿಟಿಷರ ಮಿತ್ರರಾದ ಪ್ರಷ್ಯನ್ನರು ಸಂಜೆ 4.30ರ ಸುಮಾರಿಗೆ ಬರ್ತಾರೆ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಫ್ರೆಂಚ್ ಆಟಗಾರ ಬೆಳಿಗ್ಗೆಯೇ ಅವರು ಬರೋ ಕಡೆ ಕಾವಲು ಹಾಕಿಬಿಡ್ತಾನೆ. ಅವರು ಬರೋ ಹೊತ್ತನ್ನು ದಾಳಕ್ಕೆ ಬಿಡಿ.