ರಬ್ಬರ್ ತೋಟದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದ ನನ್ನ ಅನುಭವ

ಸುಳ್ಯದ ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳು ಕುಟುಂಬಗಳ ಹೆಣ್ಣುಮಕ್ಕಳಿಗೆ ನಾನು ಮಂಗಳೂರಿನಿಂದ ಹೋಗಿ ಹೊಲಿಗೆ ಕಲಿಸುತ್ತಾ ಬಂದಿದ್ದೇನೆ. ಇವರ ಹಿರಿಯರು ಶ್ರೀಲಂಕಾದ ತೋಟಗಳಲ್ಲಿ ತಲೆಮಾರುಗಳ ಕಾಲ ದುಡಿದವರು. ಶ್ರೀಲಂಕಾ, ಭಾರತಗಳ ಪ್ರಧಾನಿಗಳು 1964ರಲ್ಲಿ ಮಾಡಿಕೊಂಡ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ, ಪೌರತ್ವವಿಲ್ಲದ ಇಂಥವರಲ್ಲಿ 5,25,000 ಮಂದಿಯನ್ನು ಭಾರತವೂ 3,00,000 ಮಂದಿಯನ್ನು ಶ್ರೀಲಂಕಾವೂ ತಮ್ಮ ಪ್ರಜೆಗಳಾಗಿ ಸ್ವೀಕರಿಸಬೇಕೆಂದು ತೀರ್ಮಾನವಾಗಿ, ಹಾಗೆ ಭಾರತಕ್ಕೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸವೂ ವಸತಿಯೂ ದೊರೆತವು. ಶ್ರೀಲಂಕಾದಲ್ಲಿ ತಮಿಳರ ಮೇಲೆ ನಡೆದ 1983ರ ಹಿಂಸಾಚಾರದ ಬಳಿಕ ತಮಿಳುನಾಡಿನ ಶಿಬಿರಗಳನ್ನು ಸೇರಿದ ನಿರಾಶ್ರಿತರಿಗೆ ಭಾರತದ ಪೌರತ್ವವಿರಲಿಲ್ಲ; ಇವರಿಗಾದರೋ ಅದಿದೆ, ಆದ್ದರಿಂದ ಬ್ಯಾಂಕ್ ಖಾತೆ, ಸರ್ಕಾರಿ ಸಾಲಗಳಿಗೆ ಕಾನೂನಿನ ಅಡ್ಡಿಯಿಲ್ಲ. ಆದರೂ ತೋಟದ ಹೊರಗೆ ಬದುಕು ಕಟ್ಟಿಕೊಳ್ಳುವ ದಾರಿ ಇವರಿಗೆ ಸುಲಭವಾಗಿ ತೆರೆದಿಲ್ಲ.

ತರಗತಿಯ ವೇಳೆಯನ್ನು ನಾವು ರಬ್ಬರ್ ಮರಕ್ಕೆ ಅನುಸಾರವಾಗಿ ಗೊತ್ತುಮಾಡಿದೆವು. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ಟ್ಯಾಪಿಂಗ್, ಎಂದರೆ ಮರದ ತೊಗಟೆ ಕೊಯ್ದು ಹಾಲು ಇಳಿಸುವ ಕೆಲಸ, ಬೆಳಗಾಗುವ ಮೊದಲೇ ಶುರುವಾಗುತ್ತದೆ. ಹಾಲು ಸಂಗ್ರಹಿಸಿ ಒಪ್ಪಿಸಿ ಮನೆಗೆ ಬರುವಾಗ ಮಧ್ಯಾಹ್ನವಾಗುತ್ತದೆ. ಹಾಗಾಗಿ ಊಟವಾದ ಮೇಲೆ, ಅವರ ವಸತಿಯ ಸಮೀಪದಲ್ಲೇ ಪಾಠ ನಡೆಸಿದೆವು. ಮಂಗಳೂರಿನ ಕೇಂದ್ರಕ್ಕೇ ಬರಬೇಕೆಂದು ಹಟ ಹಿಡಿದಿದ್ದರೆ, ಮಕ್ಕಳಿರುವ ತಾಯಂದಿರು ಯಾರೂ ಬರುತ್ತಿರಲಿಲ್ಲ.

ಕಿರಿಯರು ಕನ್ನಡ ಶಾಲೆಯಲ್ಲಿ ಓದಿದವರು, ಹಿರಿಯರಿಗೆ ತಮಿಳು ಲಿಪಿಯೊಂದೇ ಗೊತ್ತು. ಆದ್ದರಿಂದ ಅಳತೆ ಪುಸ್ತಕದಲ್ಲಿ ಭುಜ, ಎದೆ, ಸೊಂಟ, ತೋಳುಗಳ ಹೆಸರು ಬರೆಸುವ ಬದಲು ರವಿಕೆಯ ಚಿತ್ರ ಬರೆಸಿ, ಆಯಾ ಜಾಗದಲ್ಲಿ ಅಂಕಿ ಹಾಕಿಸಿದೆವು. ಕಟಿಂಗ್ ಕಲಿಯಲು ಎಲ್ಲರಿಗೂ ಸಮಯ ಬೇಕಾಯಿತು; ಆದರೆ ಸೀರೆಗೆ ಫಾಲ್ಸ್ ಹಚ್ಚುವುದನ್ನೂ ಕುಚ್ಚು ಕಟ್ಟುವುದನ್ನೂ ಬೇಗ ಕಲಿತರು, ಅದರಿಂದ ಕೈಗೆ ಹಣವೂ ಬೇಗ ಬಂತು. ಮೊದಲ ಸಂಪಾದನೆ ತಡವಾದರೆ ಮನೆಯವರ ಸಹನೆ ಮುಗಿಯುತ್ತದೆ ಎಂಬುದನ್ನು ಬಲ್ಲ ನಾನು ಈ ಕ್ರಮವನ್ನು ಇಂದಿಗೂ ಬದಲಿಸಿಲ್ಲ.

ನನ್ನ ದೃಢವಾದ ಅಭಿಪ್ರಾಯವೆಂದರೆ, ಕಲಿಸುವವರು ಮಾರಾಟದ ಹೊಣೆಯನ್ನೂ ಹೊರಬೇಕು. ನಮ್ಮ ಊರಿನಲ್ಲೇ ಇದಕ್ಕೆ ಹಳೆಯ ಮಾದರಿಯಿದೆ: ಮತಾಂತರದಿಂದ ಕುಲಕಸುಬು ಕಳೆದುಕೊಂಡವರಿಗಾಗಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ನೇಯ್ಗೆಯನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದಾಗ, ತಯಾರಾದ ಸರಕನ್ನು ದೂರದೂರಕ್ಕೆ ಮಾರುವ ವ್ಯವಸ್ಥೆಯೂ ಅದರ ಬಳಿಯಿತ್ತು. ನಾವು ಮಂಗಳೂರಿನ ಸೀರೆ ಅಂಗಡಿಗಳಿಂದ ಫಾಲ್ಸ್ ಮತ್ತು ಕುಚ್ಚಿನ ಕೆಲಸ ತಂದು, ಬಸ್ಸಿನಲ್ಲಿ ಕಟ್ಟು ಕಳಿಸಿ, ಮುಗಿದದ್ದನ್ನು ತರಿಸಿಕೊಂಡೆವು. ಶಾಲೆ ತೆರೆಯುವ ಮುಂಚಿನ ಸಮವಸ್ತ್ರದ ಕೆಲಸವನ್ನೂ ಹಿಡಿದೆವು. ರೈನ್‌ಗಾರ್ಡ್ (ಕೊಯ್ದ ಜಾಗಕ್ಕೆ ಮಳೆನೀರು ತಾಗದಂತೆ ಕಟ್ಟುವ ಹೊದಿಕೆ) ಇಲ್ಲದ ಮರಗಳಲ್ಲಿ ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲುವುದರಿಂದ, ಆ ಹಣ ಮನೆಗೆ ಸರಿಯಾದ ಹೊತ್ತಿಗೆ ಒದಗಿತು.

ದಾಖಲೆಗಳ ಕೆಲಸವನ್ನು ಮೊದಲ ವಾರದಲ್ಲೇ ಶುರುಮಾಡಬೇಕು. ಕುಶಲಕರ್ಮಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ತಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿಯವರೆಗೆ ನೆರವು, ಶೇ. 5ರ ಬಡ್ಡಿಗೆ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ ಉಂಟು. ಆದರೆ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶವಿರುವುದರಿಂದ, ಅರ್ಜಿ ಯಾರ ಹೆಸರಿನಲ್ಲಿ ಎಂಬುದನ್ನು ಮನೆಯವರೆಲ್ಲ ಕುಳಿತು ಮಾತಾಡಿಕೊಳ್ಳಬೇಕು. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್‌ಗಳಲ್ಲಿ ಒಂದೇ ತಮಿಳು ಹೆಸರನ್ನು ಬೇರೆ ಬೇರೆಯಾಗಿ ಬರೆದಿರುವುದು ಸಾಮಾನ್ಯ. ಇದನ್ನು ತಿದ್ದಿಸಲು ಹೊಲಿಗೆ ಕಲಿಸುವುದಕ್ಕಿಂತ ಹೆಚ್ಚು ಓಡಾಟ ಬೇಕಾಗುತ್ತದೆ.

ತೋಟದ ಮನೆ ನೌಕರಿಯೊಂದಿಗೆ ಬಂದದ್ದು, ಹಾಗಾಗಿ ಅದನ್ನೇ ನಂಬಿ ಅಂಗಡಿ ಇಡುವಂತಿಲ್ಲ. ಆದ ಕಾರಣ ಎರಡನೆಯ ಯಂತ್ರ ಕೊಳ್ಳುವ ಮೊದಲು ಪೇಟೆಯಲ್ಲಿ ಒಂದು ಕೋಣೆಯ ಮುಂಗಡಕ್ಕೆ ಸ್ವಸಹಾಯ ಗುಂಪಿನಲ್ಲಿ ಉಳಿತಾಯ ಮಾಡುವಂತೆ ನಾನು ಎಲ್ಲರಿಗೂ ಹೇಳುತ್ತೇನೆ. ಇಬ್ಬರು ಮೂವರು ಸೇರಿ ಬಾಡಿಗೆಗೆ ಹಿಡಿದರೆ, ಬಟ್ಟೆಯ ಅಂಚಿನ ನೂಲು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಯಂತ್ರವನ್ನೂ ಹಂಚಿಕೊಳ್ಳಬಹುದು.