ಹಿಮದ ಚಾರಣಕ್ಕೆ ನಂಬರಿನ ಕನ್ನಡಕ: ಪುಣೆಯಿಂದ ಹೊರಡುವ ಮೊದಲು

ಬೆಟ್ಟದ ಮೇಲೆ ಗ್ಲೌಸ್ ಕಳೆದರೆ ಜೊತೆಯವರು ಕೊಡುತ್ತಾರೆ. ಜಾಕೆಟ್ ಹರಿದರೆ ಇನ್ನೊಬ್ಬರದು ಸಿಗುತ್ತದೆ, ಹಗ್ಗವಂತೂ ಎಲ್ಲರದೂ ಹೌದು. ನಿಮ್ಮ ನಂಬರಿನ ಕನ್ನಡಕ ಮಾತ್ರ ಇಡೀ ಕ್ಯಾಂಪಿನಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ನನ್ನ ನಂಬರ್ ಮೈನಸ್ ಐದೂವರೆ. ಕನ್ನಡಕ ತೆಗೆದರೆ 18 ಸೆಂಟಿಮೀಟರ್ ಆಚೆಗಿರುವುದೆಲ್ಲ ಮಸುಕು. ಕಾಲಿಡಬೇಕಾದ ಕಲ್ಲು ಯಾವುದು, ಪಕ್ಕದ ಬಿರುಕು ಯಾವುದು ಎಂದು ಹೇಳಲಾರೆ. ಹಾಗಾಗಿ ಕೋಥ್ರೂಡಿನ ನಮ್ಮ ಅಂಗಡಿಗೆ ಹಿಮಾಲಯಕ್ಕೆ ಹೊರಟವರು ಯಾರೇ ಬರಲಿ, ಮೊದಲು ಒಂದೇ ಮಾತು ಕೇಳುತ್ತೇನೆ: ಇದು ಮುರಿದರೆ ಏನು ಹಾಕಿಕೊಳ್ಳುತ್ತೀರಿ? ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಉಳಿದ ಆಯ್ಕೆ.

ಹೊರಡುವ ದಿನಕ್ಕೆ ಐದಾರು ವಾರ ಮೊದಲೇ ಕಣ್ಣು ತೋರಿಸಿ. ಹೊಸ ನಂಬರಿಗೆ ಕಣ್ಣು ಹೊಂದಿಕೊಳ್ಳಬೇಕು, ನಂಬರ್ ಹಾಕಿದ ಬಾಗಿದ ಲೆನ್ಸ್ ಲ್ಯಾಬಿನಿಂದ ಬರಬೇಕು, ಅದನ್ನು ಹಾಕಿಕೊಂಡು ನಡೆದು ನೋಡಬೇಕು. ಮೈನಸ್ ಪವರ್ ಜಾಸ್ತಿ ಇದ್ದವರು ಡ್ರಾಪ್ಸ್ ಹಾಕಿಸಿಕೊಂಡು ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಪರೀಕ್ಷೆಯನ್ನೂ ಮಾಡಿಸಿ. ಅಂಥ ಕಣ್ಣಿನಲ್ಲಿ ರೆಟಿನಾದ ಅಂಚು ತೆಳುವಾಗಿರುವುದುಂಟು. ಅಲ್ಲೊಂದು ತೂತಿದ್ದರೆ ಪುಣೆಯಲ್ಲೇ ಗೊತ್ತಾಗಲಿ.

ಕಣ್ಣಿನ ಆಪರೇಷನ್ ಆದವರು ಯಾವ ಆಪರೇಷನ್ ಎಂಬುದನ್ನು ತಿಳಿದುಕೊಂಡಿರಬೇಕು. ಹಿಂದೆ ಆರ್‌ಕೆ ಎಂದು ಮಾಡುತ್ತಿದ್ದರು, ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಗೀರು ಹಾಕಿ ನಂಬರ್ ಇಳಿಸುವುದು. ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ಆ ಗೀರುಗಳ ಸುತ್ತ ಕಾರ್ನಿಯಾ ಊದಿಕೊಂಡು ಅದರ ಆಕಾರವೇ ಬದಲಾಗುತ್ತದೆ. 1996ರಲ್ಲಿ ಎವರೆಸ್ಟ್ ಮೇಲೆ ಅಮೆರಿಕದ ವೈದ್ಯ ಬೆಕ್ ವೆದರ್ಸ್ ಅವರ ದೃಷ್ಟಿ ಹೋದದ್ದು ಹೀಗೆ. ಅವರು ಮುಂದೆ ಹತ್ತಲಾಗದೆ ದಾರಿಯಲ್ಲೇ ಕಾಯುತ್ತ ನಿಲ್ಲಬೇಕಾಯಿತು. ಲೇಸರಿನಿಂದ ಮಾಡುವ ಲೇಸಿಕ್‌ನಲ್ಲಿ ಇಷ್ಟು ದೊಡ್ಡ ಬದಲಾವಣೆ ಆಗುವುದಿಲ್ಲ. ಆದರೂ ಅದು ಮಾಡಿಸಿ ಕೆಲವು ತಿಂಗಳು ಕಳೆದು, ನಂಬರ್ ನಿಂತ ಮೇಲೆ ಡಾಕ್ಟರ ಒಪ್ಪಿಗೆ ಪಡೆದೇ ಹೋಗಿ. ಕಣ್ಣು ಒಣಗುವ ತೊಂದರೆ ಮೇಲೆ ಹೆಚ್ಚುತ್ತದೆ, ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಜೊತೆಗಿರಲಿ. ರೆಟಿನಾ ಆಪರೇಷನ್ನಿನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ, ಅದು ಪೂರ್ತಿ ಕರಗಿದೆ ಎಂದು ಡಾಕ್ಟರ್ ಹೇಳುವವರೆಗೆ ವಿಮಾನವೂ ಬೇಡ, ಘಾಟ್ ರಸ್ತೆಯೂ ಬೇಡ. ಎತ್ತರದಲ್ಲಿ ಆ ಗ್ಯಾಸ್ ಹಿಗ್ಗುತ್ತದೆ, ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು.

ಇನ್ನು ಬಿಸಿಲಿನ ಮಾತು. ಹಿಂಜವಡಿಯಲ್ಲಿ ಕೆಲಸ ಮಾಡುವ ಬೆಳಗಾವಿ ಹುಡುಗನೊಬ್ಬ ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೊರಟಿದ್ದ. ರಸ್ತೆ ಬದಿಯಲ್ಲಿ ಕೊಂಡ ಗಾಗಲ್ ತಂದು ತೋರಿಸಿದ. "ಅಕ್ಕಾರ, ಭಾಳ ಕಪ್ಪೈತಿ ನೋಡ್ರಿ, ಮಧ್ಯಾಹ್ನದ ಬಿಸಿಲಾಗೂ ಕಣ್ಣು ಚುಚ್ಚಂಗಿಲ್ಲ. ಸಾಕಲ್ಲ?" ಯುವಿ (ಕಣ್ಣಿಗೆ ಕಾಣದ ಅತಿನೇರಳೆ ಕಿರಣ) ಅಳೆಯುವ ಮೀಟರಿನಲ್ಲಿ ಇಟ್ಟು ನೋಡಿದರೆ ಕಿರಣಗಳು ಸಲೀಸಾಗಿ ದಾಟುತ್ತಿದ್ದವು. "ಕಪ್ಪಿರೋದು ಬ್ಯಾರೆ ತಮ್ಮಾ, ಯುವಿ ತಡಿಯೋದು ಬ್ಯಾರೆ" ಅಂದೆ. ಬರೀ ಬಣ್ಣ ಬಳಿದ ಲೆನ್ಸ್ ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದಾಗಬಹುದು. ಕತ್ತಲಾಯಿತೆಂದು ಪಾಪೆ ಅಗಲವಾಗುತ್ತದೆ, ಅಗಲವಾದ ಬಾಗಿಲಿನಿಂದ ಯುವಿ ಇನ್ನಷ್ಟು ಒಳಗೆ ಹೋಗಬಹುದು.

ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಕೇದಾರಕಂಠದ ತುದಿ ಸುಮಾರು 3,800 ಮೀಟರ್. ಪ್ರತಿ ಸಾವಿರ ಮೀಟರಿಗೆ ಯುವಿ ಸುಮಾರು 10 ಪ್ರತಿಶತ ಹೆಚ್ಚುತ್ತದೆ. ಅದಕ್ಕಿಂತ ದೊಡ್ಡ ಪೆಟ್ಟು ಕೆಳಗಿನಿಂದ ಬರುವುದು: ಹೊಸ ಹಿಮ ತನ್ನ ಮೇಲೆ ಬಿದ್ದ ಯುವಿಯಲ್ಲಿ 80 ಪ್ರತಿಶತದವರೆಗೂ ತಿರುಗಿ ಎಸೆಯುತ್ತದೆ. ಟೋಪಿ ಇದನ್ನು ತಡೆಯಲಾರದು, ಮೋಡ ಕವಿದಿದ್ದರೂ ಇದು ನಿಲ್ಲುವುದಿಲ್ಲ. ಆದ್ದರಿಂದ ಬಣ್ಣದ ಗಾಢತೆಗಿಂತ ಮೊದಲು ಸಂದು ನೋಡಿ. ಗಾಗಲ್ ಹಾಕಿಕೊಂಡು ಬಿಸಿಲಲ್ಲಿ ನಿಂತು ಕಣ್ಣು ಮಾತ್ರ ಕೆಳಗೆ ಹೊರಳಿಸಿ. ಕೆನ್ನೆಗೂ ಫ್ರೇಮಿಗೂ ನಡುವೆ ನೆಲ ಬೆಳ್ಳಗೆ ಕಂಡರೆ ಆ ಫ್ರೇಮ್ ಹಿಮಕ್ಕೆ ಆಗುವುದಿಲ್ಲ. ಪಕ್ಕಕ್ಕೂ ಹಾಗೇ ನೋಡಿ. ಪಕ್ಕಕ್ಕೂ ಮುಚ್ಚಿಗೆ ಇರುವಂಥವು ಗ್ಲೇಷಿಯರ್ ಗಾಗಲ್ ಎಂಬ ಹೆಸರಿನಲ್ಲೇ ಸಿಗುತ್ತವೆ.

ಗಾಗಲ್ಲಿನ ಕಡ್ಡಿಯ ಒಳಬದಿಯಲ್ಲಿ, ಲೆನ್ಸ್ ಎಷ್ಟು ಗಾಢ ಎಂದು ಹೇಳುವ ಕ್ಯಾಟಗರಿ ಸಣ್ಣದಾಗಿ ಬರೆದಿರುತ್ತದೆ. 3 ಎಂದರೆ 8ರಿಂದ 18 ಪ್ರತಿಶತ ಬೆಳಕು ಒಳಗೆ ಬರುತ್ತದೆ, 4 ಎಂದರೆ 3ರಿಂದ 8. ಕಾಡಿನ ದಾರಿ ಹೆಚ್ಚು, ಹಿಮ ಕಡಿಮೆ ಇರುವ ಚಾರಣಕ್ಕೆ 3 ಸಾಕು. ಹಿಮನದಿಯ ಮೇಲೆ ದಿನವಿಡೀ ನಡೆಯುವವರಿಗೆ, ಶಿಖರಕ್ಕೆ ಹೋಗುವವರಿಗೆ 4 ಬೇಕು. ಅದನ್ನು ಹಾಕಿಕೊಂಡು ಬೈಕ್, ಕಾರು ಯಾವುದನ್ನೂ ಓಡಿಸಬಾರದು. ಯುವಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ ಎಂದು ಹೇಳುವ ಯುವಿ 400 ಎಂಬ ಗುರುತು ಎರಡರಲ್ಲೂ ಇರಲೇಬೇಕು. ಲೆನ್ಸ್ ಪಾಲಿಕಾರ್ಬನೇಟ್ ಆಗಿರಲಿ, ಗಾಜು ಬೇಡ. ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸ್ ಚಳಿಯಲ್ಲಿ ಚೆನ್ನಾಗಿ ಕಪ್ಪಾಗುತ್ತದೆ ನಿಜ, ಆದರೆ ನೆರಳಿಗೆ ಬಂದಾಗ ತಿಳಿಯಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಮಾಮೂಲಿ ಕನ್ನಡಕಕ್ಕೆ ಹಾಕುವಂಥದ್ದು 4ರ ಮಟ್ಟ ಮುಟ್ಟುವುದೂ ಇಲ್ಲ. ಪ್ರತಿಫಲಿಸಿ ಬರುವ ಹೊಳಪನ್ನು ತಗ್ಗಿಸುವ ಪೋಲರೈಸ್ಡ್ ಲೆನ್ಸ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಗಟ್ಟಿ ಮಂಜುಗಡ್ಡೆಯ ಹೊಳಪನ್ನು ಅದು ಮರೆಮಾಡಬಹುದು, ವಾಚಿನ ಪರದೆಯೂ ಕೆಲವೊಮ್ಮೆ ಕಾಣುವುದಿಲ್ಲ.

ನಂಬರ್ ಇದ್ದವರಿಗೆ ದಾರಿ ಮೂರು. ಮೈನಸ್ ಮೂರು ನಾಲ್ಕರೊಳಗಿದ್ದರೆ ಗ್ಲೇಷಿಯರ್ ಗಾಗಲ್‌ಗೇ ನಂಬರ್ ಹಾಕಿಸಿ; ಕೈ ಸ್ವಚ್ಛವಿರಬೇಕೆಂಬ ಚಿಂತೆಯಿಲ್ಲದ ದಾರಿ ಇದು, ನನ್ನ ಮೊದಲ ಸಲಹೆಯೂ ಇದೇ. ಪವರ್ ಏರಿದಷ್ಟೂ ಬಾಗಿದ ಫ್ರೇಮಿನಲ್ಲಿ ಅಂಚಿನ ನೋಟ ಓರೆಯಾಗುತ್ತದೆ, ಮೆಟ್ಟಿಲು ಇಳಿಯುವಾಗ ನೆಲ ತೇಲಿದಂತೆ ಕಾಣುತ್ತದೆ. ಅಂಥವರಿಗೆ ಒಳಗೆ ಕಾಂಟ್ಯಾಕ್ಟ್ ಲೆನ್ಸ್, ಮೇಲೆ ನಂಬರಿಲ್ಲದ ಗಾಗಲ್. ನಾನು ಹೋಗುವುದು ಹೀಗೇ. ಕಾಂಟ್ಯಾಕ್ಟ್ ಲೆನ್ಸ್ ಸಹಿಸದವರಿಗೆ ಕನ್ನಡಕದ ಮೇಲೆ ಕೂರುವ ದೊಡ್ಡ ಗಾಗಲ್ ಅಥವಾ ಒಳಗೆ ನಂಬರಿನ ಲೆನ್ಸ್ ಸಿಕ್ಕಿಸುವ ಗಾಗಲ್ ಇದೆ. ಆ ಒಳಲೆನ್ಸ್ ಕಣ್ಣಿನಿಂದ ಎಷ್ಟು ದೂರ ಕೂರುತ್ತದೆ ಎಂದು ಅಳೆದೇ ಪವರ್ ಹಾಕಬೇಕು, ಅಂಗಡಿಯವರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಹಿಮಗಾಳಿ ಎದ್ದಾಗ ಎಲ್ಲರಿಗೂ ಮುಖಕ್ಕೆ ಒತ್ತಿ ಕೂರುವ, ಎರಡು ಪದರದ ಲೆನ್ಸಿನ ದೊಡ್ಡ ಗಾಗಲ್ ಬೇಕೇ ಬೇಕು. ಅದಕ್ಕೆ ಹಳದಿ ಅಥವಾ ಕಿತ್ತಳೆ ಬಣ್ಣದ ತಿಳಿ ಲೆನ್ಸ್ ಇರಲಿ, ಕಪ್ಪಾದರೆ ಮುಂದಿನ ಹೆಜ್ಜೆಯೇ ಕಾಣುವುದಿಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಆದರೆ ದಿನಕ್ಕೊಂದು ಹಾಕಿ ಬಿಸಾಡುವ ಸಿಲಿಕೋನ್ ಹೈಡ್ರೋಜೆಲ್ ಜೋಡಿಯೇ ಸರಿ. ಆಮ್ಲಜನಕ ಅದರಲ್ಲಿ ಚೆನ್ನಾಗಿ ಹಾಯುತ್ತದೆ. ಮಲಗುವಾಗ ತೆಗೆಯಲೇಬೇಕು. ಎಷ್ಟೇ ದಣಿವಾಗಿರಲಿ, ಬೆಳಗಿನ ಜಾವ ಎರಡಕ್ಕೆ ಏಳಬೇಕಾಗಿರಲಿ, ಇದರಲ್ಲಿ ರಿಯಾಯಿತಿ ಇಲ್ಲ. ಕಾರ್ನಿಯಾಕ್ಕೆ ಉಸಿರು ಹೊರಗಿನ ಗಾಳಿಯಿಂದ; ಅಲ್ಲಿ ಗಾಳಿಯೇ ತೆಳು, ರೆಪ್ಪೆ ಮುಚ್ಚಿ ಲೆನ್ಸನ್ನೂ ಬಿಟ್ಟರೆ ಅದು ಊದಿಕೊಳ್ಳುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಝರಿಯ ನೀರು ಎಷ್ಟೇ ತಿಳಿಯಾಗಿದ್ದರೂ ಲೆನ್ಸಿಗೆ ಸೋಕಿಸಬೇಡಿ. ಕುದಿಸಿದ ನೀರು, ಸೋಪಿನಿಂದ ಕೈ ತೊಳೆದು ಒರೆಸಿಕೊಳ್ಳಿ; ಸ್ಯಾನಿಟೈಸರ್ ಹಚ್ಚಿದರೆ ಪೂರ್ತಿ ಒಣಗಲು ಬಿಡಿ, ಇಲ್ಲದಿದ್ದರೆ ಕಣ್ಣು ಉರಿಯುತ್ತದೆ. ಲೆನ್ಸ್ ಪಟ್ಟಿ, ಡ್ರಾಪ್ಸ್ ಎಲ್ಲ ಹಗಲು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ. ಹೊರಗೆ ಬಿಟ್ಟರೆ ಹೆಪ್ಪುಗಟ್ಟುತ್ತವೆ.

ನಲವತ್ತು ದಾಟಿದವರಿಗೆ ಒಂದು ವಿಶೇಷ ಮಾತು. ದೂರದ, ಹತ್ತಿರದ ನಂಬರ್ ಎರಡೂ ಒಂದರಲ್ಲೇ ಇರುವ ಪ್ರೋಗ್ರೆಸಿವ್ ಲೆನ್ಸಿನ ಕೆಳಭಾಗ ಓದಲಿಕ್ಕಾಗಿ ಇರುವುದು. ಇಳಿಯುವಾಗ ಅದೇ ಭಾಗದಿಂದ ಕಾಲ ಕೆಳಗಿನ ಕಲ್ಲು ನೋಡುತ್ತೀರಿ, ಅದು ಮಸುಕಾಗಿ ಕಾಣುತ್ತದೆ. ನಡೆಯಲು ಬರೀ ದೂರದ ನಂಬರಿನದು ಮಾಡಿಸಿ. ಗಂಟು ಹಾಕಲು, ನಕ್ಷೆ ನೋಡಲು ಹತ್ತಿರದ ಚಸ್ಮಾ ಕೊರಳಿಗೆ ನೇತಾಡಲಿ.

ಎರಡನೆಯ ಜೋಡಿ ಎಂದರೆ ಹಳೆಯ ನಂಬರಿನ ಗೀರುಬಿದ್ದ ಕನ್ನಡಕ ಎಂದುಕೊಳ್ಳಬೇಡಿ. ಹಿಮದ ಮೇಲೆ ಹಾಕಿ ನಡೆಯಬಲ್ಲಂಥದ್ದು ಬೇಕು: ಇಂದಿನ ನಂಬರ್, ಕ್ಯಾಟಗರಿ 3, ಪಕ್ಕಕ್ಕೆ ಮುಚ್ಚಿಗೆ. ಜೊತೆಗೆ ಟೆಂಟಿಗೆ, ರಾತ್ರಿಯ ನಡಿಗೆಗೆ ಬಣ್ಣವಿಲ್ಲದ ಒಂದು ಬಿಳಿ ಕನ್ನಡಕ. ಎರಡೂ ಒಂದೇ ಚೀಲದಲ್ಲಿ ಇರಬಾರದು. ನಂಬರಿನ ಚೀಟಿಯ ಫೋಟೋ ನಿಮ್ಮ ಫೋನಿನಲ್ಲೂ ಜೊತೆಗಾರರ ಫೋನಿನಲ್ಲೂ ಇರಲಿ.

ಎಲ್ಲ ಸಿದ್ಧವಾದ ಮೇಲೆ ಒಂದು ಭಾನುವಾರ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿ. ಹೆಲ್ಮೆಟ್, ಕುತ್ತಿಗೆಯ ಬಫ್ (ಕೊಳವೆಯಂಥ ಬಟ್ಟೆ), ಕನ್ನಡಕದ ದಾರ, ಎಲ್ಲ ಹಾಕಿಕೊಂಡೇ ಹತ್ತಬೇಕು. ಹೆಲ್ಮೆಟ್ಟಿನ ಪಟ್ಟಿ ಕಡ್ಡಿಯನ್ನು ಕಿವಿಗೆ ಒತ್ತುತ್ತದೆಯೇ, ಬಫ್ ಮೂಗಿನ ಮೇಲೆ ಎಳೆದಾಗ ಉಸಿರು ಲೆನ್ಸಿಗೇ ಹೋಗಿ ಮಬ್ಬಾಗುತ್ತದೆಯೇ ಎಂಬುದು ಎರಡು ತಾಸಿನಲ್ಲಿ ತಿಳಿಯುತ್ತದೆ. ದೊಡ್ಡ ಗಾಗಲ್ಲನ್ನು ಬೆವರಿದ ಹಣೆಯ ಮೇಲೆ ಏರಿಸಬೇಡಿ, ಒಳಗೆಲ್ಲ ಹನಿಗಟ್ಟುತ್ತದೆ. ಸಹ್ಯಾದ್ರಿಯಲ್ಲೇ ಬಂಡೆ ಹತ್ತುವವರಿಗೂ, ಕೆಳಗೆ ನಿಂತು ಹಗ್ಗ ಹಿಡಿಯುವವರಿಗೂ ಬಿಳಿ ಪಾಲಿಕಾರ್ಬನೇಟ್ ಕನ್ನಡಕ ಇರಲಿ. ತಲೆ ಎತ್ತಿ ನೋಡುವವರ ಕಣ್ಣಿಗೇ ಜಲ್ಲಿ ಬೀಳುವುದು.

ಇಷ್ಟಾದರೂ ಕಣ್ಣು ಸುಟ್ಟರೆ? ಬಿಸಿಲು ಹೊಡೆದ 6ರಿಂದ 12 ತಾಸಿನ ಮೇಲೆ, ಸಾಮಾನ್ಯವಾಗಿ ರಾತ್ರಿ ಟೆಂಟಿನಲ್ಲಿ, ಕಣ್ಣಿಗೆ ಮರಳು ಎರಚಿದಂತಾಗಿ ನೀರು ಸುರಿಯತೊಡಗುತ್ತದೆ. ಉಜ್ಜಬೇಡಿ. ಲೆನ್ಸ್ ತೆಗೆದು, ಕತ್ತಲಲ್ಲಿ ಕಣ್ಣು ಮುಚ್ಚಿ, ತಣ್ಣನೆಯ ಒದ್ದೆ ಬಟ್ಟೆ ಇಟ್ಟು, ನೋವಿನ ಮಾತ್ರೆ ತೆಗೆದುಕೊಳ್ಳಿ. ಒಂದೆರಡು ದಿನಕ್ಕೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮರಗಟ್ಟಿಸುವ ಡ್ರಾಪ್ಸ್ ಯಾರಾದರೂ ಕೊಟ್ಟರೂ ಹಾಕಿಕೊಂಡು ನಡೆಯಬೇಡಿ, ಗಾಯ ಮಾಯುವುದು ನಿಧಾನವಾಗುತ್ತದೆ. ಗಾಗಲ್ ಕಳೆದವರು ರಟ್ಟಿನ ತುಂಡಿನಲ್ಲಿ ಸಣ್ಣ ಅಡ್ಡ ಸೀಳು ಮಾಡಿ ಕಣ್ಣಿಗೆ ಕಟ್ಟಿಕೊಂಡು ಇಳಿಯಬಹುದು. ಆದರೆ ನೋವೇ ಇಲ್ಲದೆ, ಲೆನ್ಸ್ ಬದಲಿಸಿದರೂ ಒಂದು ಕಣ್ಣು ಮಸುಕಾದರೆ ಅಥವಾ ನೋಟದ ನಡುವೆ ಕಪ್ಪು ಕಲೆ ಕಂಡರೆ, ಎತ್ತರಕ್ಕೆ ರೆಟಿನಾದಲ್ಲಿ ರಕ್ತ ಒಸರಿರಬಹುದು. ನಾಳೆ ನೋಡೋಣ ಎನ್ನದೆ ತಂಡದ ಲೀಡರಿಗೆ ತಿಳಿಸಿ, ಅವತ್ತೇ ಕೆಳಗಿಳಿಯಿರಿ.